ದಿನಾಂಕ ಓದುವಾಗ ಊಹೆ ಬೇಡ

ಭಾರತದಲ್ಲಿ ತಯಾರಾದ ವೆಬ್ ಅಪ್ಲಿಕೇಶನ್‌ಗಳ ಡೇಟಾಬೇಸ್ ತೆರೆದು ನೋಡಿದವರಿಗೆ ಒಂದು ಸಮಯ ಚೆನ್ನಾಗಿ ಪರಿಚಿತ: 18:30. ಹುಟ್ಟಿದ ದಿನಾಂಕ ಇರಬೇಕಾದ ಕಾಲಂನಲ್ಲಿ ಸಾಲುಸಾಲಾಗಿ ಅದೇ ಗಂಟೆ, ಅದೇ ನಿಮಿಷ. ಅರ್ಜಿಯಲ್ಲಿ 1990ರ ಆಗಸ್ಟ್ 15 ಎಂದು ತುಂಬಿದವರ ಹೆಸರಿನ ಮುಂದೆ ‘1990-08-14, 18:30:00’ ಎಂದು ದಾಖಲಾಗಿರುತ್ತದೆ.

ಅದು ನಡೆಯುವುದು ಹೀಗೆ. ಮೊಬೈಲಿನಲ್ಲಿ ಕ್ಯಾಲೆಂಡರ್ ತೆರೆದು 15ನೇ ತಾರೀಖನ್ನು ಒತ್ತುತ್ತೇವೆ. ವೆಬ್ ಪುಟಗಳನ್ನು ನಡೆಸುವ ಜಾವಾಸ್ಕ್ರಿಪ್ಟ್ ಭಾಷೆಯ ಹಳೆಯ ‘ಡೇಟ್’ಗೆ ಬರೀ ದಿನ ಎಂಬ ಕಲ್ಪನೆಯೇ ಇಲ್ಲ, ಅದಕ್ಕೆ ಗೊತ್ತಿರುವುದು ಕ್ಷಣ ಮಾತ್ರ. ಹಾಗಾಗಿ ಅದು 15ನೇ ತಾರೀಖು ಎಂಬುದನ್ನು ‘ಭಾರತದಲ್ಲಿ 15ನೇ ತಾರೀಖು ಆರಂಭವಾಗುವ ಮಧ್ಯರಾತ್ರಿ’ ಎಂದು ಇಟ್ಟುಕೊಳ್ಳುತ್ತದೆ. ಸರ್ವರ್‌ಗೆ ಕಳಿಸುವಾಗ ಆ ಕ್ಷಣವನ್ನು ಯುಟಿಸಿಗೆ, ಅಂದರೆ ಗ್ರೀನಿಚ್ ರೇಖೆಯ ಜಾಗತಿಕ ಸಮಯಕ್ಕೆ, ಬದಲಾಯಿಸಿ ಪಠ್ಯವಾಗಿ ಬರೆಯುತ್ತದೆ. ನಮ್ಮ ಮಧ್ಯರಾತ್ರಿಗೆ ಗ್ರೀನಿಚ್‌ನಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಸರ್ವರ್‌ನಲ್ಲಿರುವ ಪ್ರೋಗ್ರಾಂ ಆ ಪಠ್ಯದ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ದಿನಾಂಕವೆಂದು ಉಳಿಸಿದರೆ ಮುಗಿಯಿತು, ಹುಟ್ಟಿದ ದಿನ ಒಂದು ದಿನ ಹಿಂದೆ ಸರಿದಿರುತ್ತದೆ. ಯಾವ ಹಂತದಲ್ಲೂ ಲೆಕ್ಕ ತಪ್ಪಿಲ್ಲ, ಯಾವ ಹಂತದಲ್ಲೂ ದೋಷದ ಸಂದೇಶ ಬಂದಿಲ್ಲ.

ಇದೇ ತಪ್ಪು ಅಮೆರಿಕದಲ್ಲಿ ಇನ್ನೊಂದು ದಾರಿಯಿಂದ ಬರುತ್ತದೆ. ಜಾವಾಸ್ಕ್ರಿಪ್ಟ್‌ಗೆ ‘1990-08-15’ ಎಂಬ ಪಠ್ಯವನ್ನು ಓದಲು ಕೊಟ್ಟರೆ ಅದನ್ನು ಗ್ರೀನಿಚ್‌ನ ಮಧ್ಯರಾತ್ರಿ ಎಂದು ತಿಳಿಯುತ್ತದೆ. ಬೆಂಗಳೂರಿನಲ್ಲಿ ಪರೀಕ್ಷಿಸಿದರೆ ಅದು 15ರ ಬೆಳಗಿನ ಐದೂವರೆ. ದಿನಾಂಕ ಸರಿಯಾಗಿಯೇ ಕಾಣುತ್ತದೆ. ಅದೇ ಪುಟವನ್ನು ನ್ಯೂಯಾರ್ಕ್‌ನಲ್ಲಿರುವ ಮಗಳು ತೆರೆದರೆ 14ರ ರಾತ್ರಿ ಎಂಟು ಗಂಟೆ. ಕೋಡ್ ಬರೆದವರ ಕಂಪ್ಯೂಟರ್‌ನಲ್ಲಿ ಎಂದೂ ಕಾಣಿಸದ ದೋಷ ಇದು. ಇನ್ನೂ ಗೊಂದಲವೆಂದರೆ, ಅದೇ ಪಠ್ಯದ ಕೊನೆಗೆ ಗಂಟೆ-ನಿಮಿಷ ಸೇರಿಸಿದರೆ ನಿಯಮವೇ ಬದಲಾಗಿ, ಅದು ಓದುವವರ ಊರಿನ ಸಮಯವಾಗುತ್ತದೆ. ವಲಯ ಬರೆಯದ ಸಮಯವನ್ನು ಹೇಗೆ ಓದಬೇಕೆಂಬ ಬಗ್ಗೆ ಈ ಭಾಷೆಯ ಅಧಿಕೃತ ನಿಯಮ 2009ರಲ್ಲಿ ಒಂದಿತ್ತು, 2015ರಲ್ಲಿ ಬದಲಾಯಿತು, 2016ರಲ್ಲಿ ಮತ್ತೆ ತಿದ್ದಲ್ಪಟ್ಟು ಈಗಿನ ಈ ಎರಡು ಬಗೆಯ ನಿಯಮವಾಗಿ ನಿಂತಿತು.

ಪಠ್ಯದಲ್ಲಿ ಇಲ್ಲದ ಮಾಹಿತಿ

ಅಕ್ಷರ ಮತ್ತು ಅಂಕಿಗಳ ಸಾಲೊಂದನ್ನು ಓದಿ ಅದರಿಂದ ಕಂಪ್ಯೂಟರ್ ಲೆಕ್ಕ ಹಾಕಬಲ್ಲ ಬೆಲೆಯನ್ನು ಪಡೆಯುವ ಕೆಲಸಕ್ಕೆ ಪ್ರೋಗ್ರಾಮರ್‌ಗಳು ಪಾರ್ಸ್ ಮಾಡುವುದು ಎನ್ನುತ್ತಾರೆ. ಸಮಯದ ವಿಷಯದಲ್ಲಿ ಆ ಬೆಲೆ ಹೆಚ್ಚಾಗಿ ಒಂದು ಸಂಖ್ಯೆ: 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡುಗಳು ಕಳೆದಿವೆ ಎಂಬುದು. ಆ ಸಂಖ್ಯೆಯಲ್ಲಿ ಗೊಂದಲ ಕಡಿಮೆ. ಗೊಂದಲವೆಲ್ಲ ಪಠ್ಯದಿಂದ ಸಂಖ್ಯೆಗೆ ದಾಟುವ ಸೇತುವೆಯಲ್ಲಿ.

ಮನುಷ್ಯರು ದಿನಾಂಕ ಬರೆಯುವಾಗ ಓದುವವರಿಗೆ ಗೊತ್ತಿರುವುದನ್ನೆಲ್ಲ ಬಿಟ್ಟುಬಿಡುತ್ತಾರೆ. ಯಾವ ಶತಮಾನ, ಯಾವ ಊರಿನ ಗಡಿಯಾರ, ಮೊದಲು ದಿನವೋ ತಿಂಗಳೋ, ಬೆಳಿಗ್ಗೆಯೋ ರಾತ್ರಿಯೋ ಎಂಬುದೆಲ್ಲ ಸಂದರ್ಭದಲ್ಲೇ ಇರುತ್ತದೆ, ಕಾಗದದ ಮೇಲಲ್ಲ. ಪ್ರೋಗ್ರಾಂ ಕೈಗೆ ಬರುವುದು ಕಾಗದದ ಮೇಲಿನ ಅಕ್ಷರಗಳಷ್ಟೇ. ಬಿಟ್ಟ ಜಾಗವನ್ನು ಅದು ಎರಡು ರೀತಿ ನಿಭಾಯಿಸಬಹುದು: ಗೊತ್ತಾಗಲಿಲ್ಲ ಎಂದು ನಿಲ್ಲಬಹುದು, ಇಲ್ಲವೇ ತಾನೇ ಏನೋ ತುಂಬಿಕೊಂಡು ಮುಂದೆ ಹೋಗಬಹುದು. ಈ ಎರಡನೆಯ ದಾರಿಯೇ ಅಪಾಯದ್ದು. ಮುಂದಿನ ಉದಾಹರಣೆಗಳೆಲ್ಲ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಿಂದ ಬಂದಿದ್ದರೂ ಅವುಗಳ ಮೂಲ ಒಂದೇ: ಕೇಳದೆ ಮಾಡಿದ ಊಹೆ, ಹೇಳದೆ ಮಾಡಿದ ಊಹೆ.

ದಿನವೋ ತಿಂಗಳೋ

‘03/04/2025’ ನಮಗೆ ಏಪ್ರಿಲ್ 3. ಅಮೆರಿಕದವರಿಗೆ ಮಾರ್ಚ್ 4. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಅದು ಡೇಟಾಬೇಸ್ ಒಳಗೆ ಮಾಡುವ ಹಾನಿಯ ಅಳತೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ವರ್ಷದ 365 ದಿನಗಳಲ್ಲಿ ದಿನದ ಅಂಕಿ 12 ಅಥವಾ ಅದಕ್ಕಿಂತ ಕಡಿಮೆ ಇರುವವು 144. ಅದರಲ್ಲಿ 01/01, 02/02ರಂಥ ಹನ್ನೆರಡು ಹೇಗೆ ಓದಿದರೂ ಒಂದೇ. ಉಳಿದ 132 ದಿನಾಂಕಗಳು ತಿರುಗಿಸಿ ಓದಿದಾಗ ಬೇರೊಂದು ದಿನವಾಗುತ್ತವೆ, ಮತ್ತು ಆ ಬೇರೆ ದಿನವೂ ಸಾಚಾ ದಿನಾಂಕದಂತೆಯೇ ಕಾಣುತ್ತದೆ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಾಖಲೆಗಳು ಯಾರ ಕಣ್ಣಿಗೂ ಬೀಳದೆ ಕೆಡಬಲ್ಲವು.

ಉಳಿದ 221 ದಿನಾಂಕಗಳು ಎಚ್ಚರಿಕೆಯ ಗಂಟೆ ಬಾರಿಸಬೇಕಿತ್ತು. 13ನೇ ತಿಂಗಳೆಂಬುದು ಇಲ್ಲವಲ್ಲ. ಆದರೆ ಹಲವು ಲೈಬ್ರರಿಗಳು ಅಲ್ಲಿಯೂ ಉಪಕಾರ ಮಾಡಲು ಹೋಗುತ್ತವೆ. ಪೈಥಾನ್‌ನಲ್ಲಿ ಅಂಕಿಅಂಶಗಳ ಕೆಲಸಕ್ಕೆ ಬಳಸುವ ಪಾಂಡಾಸ್, 2023ರ ಏಪ್ರಿಲ್‌ನಲ್ಲಿ ಬಂದ ಆವೃತ್ತಿ 2.0ಕ್ಕೆ ಮುಂಚೆ, ಒಂದೇ ಕಾಲಂನ ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. ‘12/01/2023’ ಡಿಸೆಂಬರ್ 1 ಆಗುತ್ತಿತ್ತು. ಅದರ ಕೆಳಗಿನ ‘13/01/2023’ ಜನವರಿ 13 ಆಗುತ್ತಿತ್ತು. ಅಕ್ಕಪಕ್ಕದ ಎರಡು ದಿನಗಳ ನಡುವೆ ಹತ್ತು ತಿಂಗಳಿಗೂ ಹೆಚ್ಚಿನ ಅಂತರ ಹುಟ್ಟುತ್ತಿತ್ತು. ಅಮೆರಿಕದ ರೀತಿಗೆ ಹೊಂದಿಸಿದ ಎಕ್ಸೆಲ್‌ನಲ್ಲಿ ನಮ್ಮ ಕಚೇರಿಗಳ ಪಟ್ಟಿ ತೆರೆದಾಗಲೂ ಇದನ್ನೇ ನೋಡಬಹುದು: 12ರವರೆಗಿನವು ತಿರುಗಿಕೊಂಡ ದಿನಾಂಕಗಳಾಗಿ ಬಲಕ್ಕೆ ಅಂಟುತ್ತವೆ, 13ರಿಂದ ಮುಂದಿನವು ಬರೀ ಪಠ್ಯವಾಗಿ ಎಡಕ್ಕೆ ಉಳಿಯುತ್ತವೆ. ಕಾಲಂನಲ್ಲಿ ಎಡಬಲ ಎರಡೂ ಬೆರೆತಿದ್ದರೆ ಆ ಪಟ್ಟಿಯನ್ನು ನಂಬಬಾರದು.

ಎರಡು ಅಂಕಿಯ ವರ್ಷ

2000ನೇ ಇಸವಿಯ ವೈ2ಕೆ ಗದ್ದಲ ಮುಗಿದ ಮೇಲೆ ಎರಡು ಅಂಕಿಯ ವರ್ಷದ ಸಮಸ್ಯೆಯೂ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಮುಗಿದಿಲ್ಲ. ‘12/06/66’ ಎಂದು ಬರೆದಾಗ ಅದು ಯಾವ ಶತಮಾನ? ಪೈಥಾನ್‌ನ ದಿನಾಂಕ ಓದುಗ ಪಾಸಿಕ್ಸ್ ಎಂಬ ಮಾನಕವನ್ನು ಅನುಸರಿಸಿ 69ರಿಂದ 99ರವರೆಗಿನದನ್ನು 1900ರ ದಶಕಗಳಿಗೂ, 00ರಿಂದ 68ರವರೆಗಿನದನ್ನು 2000ದ ದಶಕಗಳಿಗೂ ಸೇರಿಸುತ್ತದೆ. ಹಾಗಾಗಿ 66 ಎಂದರೆ 2066. ಜಾವಾದ ಹಳೆಯ ಓದುಗ ಇಂದಿನಿಂದ 80 ವರ್ಷ ಹಿಂದಕ್ಕೆ, 20 ವರ್ಷ ಮುಂದಕ್ಕೆ ನೋಡಿ ತೀರ್ಮಾನಿಸುತ್ತದೆ. ಅದಕ್ಕೆ 66 ಎಂದರೆ 1966. ಅದೇ ಜಾವಾದ ಹೊಸ ಓದುಗ ಎರಡು ಅಂಕಿ ಕಂಡರೆ 2000ದಿಂದ 2099ರೊಳಗೇ ಇಡುತ್ತದೆ, ಮತ್ತೆ 2066. ಈಗ ನಿವೃತ್ತಿಯ ಅಂಚಿನಲ್ಲಿರುವ ತಲೆಮಾರಿನ ದಾಖಲೆಗಳು ಸರಿಯಾಗಿ ಪೈಥಾನ್ ಎಳೆದ ಗಡಿಯ ಮೇಲೆ ನಿಂತಿವೆ. 1969ರಲ್ಲಿ ಹುಟ್ಟಿದವರು ಪಾರಾಗುತ್ತಾರೆ, 1968ರಲ್ಲಿ ಹುಟ್ಟಿದವರು ಇನ್ನೂ ಹುಟ್ಟಿಯೇ ಇಲ್ಲ ಎಂದಾಗುತ್ತದೆ.

ಫೆಬ್ರವರಿ 31

ಜಾವಾದ ಹಳೆಯ ದಿನಾಂಕ ಓದುಗಕ್ಕೆ ‘2023-02-31’ ಕೊಟ್ಟು ನೋಡಿ. ಅಂಥ ದಿನವಿಲ್ಲ ಎಂದು ಅದು ಹೇಳುವುದಿಲ್ಲ. ಮಾರ್ಚ್ 3 ಎನ್ನುತ್ತದೆ. ಹೆಚ್ಚುವರಿ ದಿನಗಳನ್ನು ಮುಂದಿನ ತಿಂಗಳಿಗೆ ಉರುಳಿಸುವುದು ಅದರ ಪೂರ್ವನಿಯೋಜಿತ ಉದಾರತೆ. ತಿಂಗಳು ಮೊದಲು ಬರುತ್ತದೆಂದು ಹೇಳಿ ‘25/12/2023’ ಕೊಟ್ಟರೆ, 25ನೇ ತಿಂಗಳನ್ನೂ ನಿರಾಕರಿಸದೆ ಎಣಿಸುತ್ತಾ ಹೋಗಿ 2025ರ ಜನವರಿ 12ಕ್ಕೆ ತಲುಪುತ್ತದೆ. ವೈದ್ಯರು ಬರೆದ ಚೀಟಿ ಸ್ಪಷ್ಟವಾಗಿಲ್ಲದಿದ್ದರೆ ಔಷಧಿ ಅಂಗಡಿಯವರು ತಮಗೆ ತೋಚಿದ ಮಾತ್ರೆ ಕಟ್ಟಿಕೊಡುವುದಿಲ್ಲ, ಫೋನ್ ಮಾಡಿ ಕೇಳುತ್ತಾರೆ. ದಿನಾಂಕ ಓದುವ ಕೋಡ್‌ಗೂ ಅದೇ ಶಿಸ್ತು ಬೇಕು.

ಮಾದರಿ ಸೂಚಿಸುವ ಅಕ್ಷರಗಳಲ್ಲೂ ಇಂಥದೇ ಗುಂಡಿಗಳಿವೆ. ಜಾವಾದಲ್ಲಿ ದೊಡ್ಡ ‘ಎಂ’ ತಿಂಗಳು, ಸಣ್ಣ ‘ಎಂ’ ನಿಮಿಷ. ಅದಲುಬದಲಾದರೆ ‘1990-08-15’ ಎಂಬುದು 1990ರ ಜನವರಿ 15ರ ನಡುರಾತ್ರಿ ಕಳೆದು ಎಂಟು ನಿಮಿಷ ಎಂದಾಗುತ್ತದೆ. ಎಲ್ಲರೂ ಜನವರಿಯಲ್ಲೇ ಹುಟ್ಟಿದಂತೆ ತೋರಿದರೆ ಕಾರಣವನ್ನು ಇಲ್ಲಿ ಹುಡುಕಬೇಕು. ಸಣ್ಣ ‘ವೈ’ ನಾವು ಬಳಸುವ ವರ್ಷ. ದೊಡ್ಡ ‘ವೈ’ ವಾರಗಳ ಲೆಕ್ಕದ ವರ್ಷ. ಆ ಲೆಕ್ಕದಲ್ಲಿ 2024ರ ಡಿಸೆಂಬರ್ 30 ಮುಂದಿನ ವರ್ಷದ ಮೊದಲ ವಾರಕ್ಕೆ ಸೇರುವುದರಿಂದ, ದೊಡ್ಡ ‘ವೈ’ ಬಳಸಿ ಬರೆಸಿದರೆ 2025ರ ಡಿಸೆಂಬರ್ 30 ಎಂದು ಅಚ್ಚಾಗುತ್ತದೆ. ವರ್ಷದ ಬಹುಪಾಲು ದಿನ ಎರಡೂ ಒಂದೇ ಉತ್ತರ ಕೊಡುವುದರಿಂದ ಪರೀಕ್ಷೆಯಲ್ಲಿ ಇದು ಸಿಕ್ಕುವುದು ಅಪರೂಪ.

ಪಠ್ಯದಲ್ಲಿ ವರ್ಷವೇ ಇಲ್ಲದಿದ್ದರೆ ಪೈಥಾನ್ 1900 ಎಂದು ತುಂಬಿಕೊಳ್ಳುತ್ತದೆ. 1900 ಅಧಿಕ ವರ್ಷವಲ್ಲ. ಹಾಗಾಗಿ ‘29 ಫೆಬ್ರವರಿ’ ಎಂಬ ಪಠ್ಯವನ್ನು ಅದು ಓದಲಾರದು. ದಿನವೂ ಸರಿಯಾಗಿ ನಡೆಯುವ ಪ್ರೋಗ್ರಾಂ ನಾಲ್ಕು ವರ್ಷಕ್ಕೊಮ್ಮೆ ಆ ಒಂದು ದಿನ ನಿಂತುಬಿಡುತ್ತದೆ.

ಯಾವ ಐಎಸ್‌ಟಿ?

ನಮಗೆ ಐಎಸ್‌ಟಿ ಎಂದರೆ ಭಾರತದ ಸಮಯ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಇಸ್ರೇಲಿಗೂ ಅದೇ ಮೂರು ಅಕ್ಷರ, ಅಲ್ಲಿ ಎರಡು ಗಂಟೆ ಮುಂದೆ. ಐರ್ಲೆಂಡಿನ ಬೇಸಿಗೆ ಸಮಯಕ್ಕೂ ಅದೇ ಅಕ್ಷರ, ಒಂದು ಗಂಟೆ ಮುಂದೆ. ‘10:00 ಐಎಸ್‌ಟಿ’ ಎಂಬ ಪಠ್ಯವನ್ನು ಯುಟಿಸಿಗೆ ಹೊಂದಿಸಿದ ಸರ್ವರ್‌ನಲ್ಲಿ ಮೂರು ತಂತ್ರಾಂಶಗಳಿಗೆ ಕೊಟ್ಟರೆ ಮೂರು ಉತ್ತರ ಬರುತ್ತವೆ. ಜಾವಾದ ಹಳೆಯ ವಲಯಪಟ್ಟಿ ಇದನ್ನು ಭಾರತವೆಂದು ತಿಳಿದು ಯುಟಿಸಿಯ 04:30 ಎನ್ನುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಮೂಲ ಹೊಂದಾಣಿಕೆಯಲ್ಲಿ ಇದನ್ನು ಇಸ್ರೇಲ್ ಎಂದು ತಿಳಿದು 08:00 ಎನ್ನುತ್ತದೆ. ನಮಗೆ ಬೇಕಾದುದು ಸಿಗಲು ಅದರಲ್ಲಿ ‘ಇಂಡಿಯಾ’ ಎಂಬ ಪ್ರತ್ಯೇಕ ಪಟ್ಟಿಯನ್ನು ಆರಿಸಿಕೊಳ್ಳಬೇಕು. ಗೋ ಭಾಷೆಗೆ ಆ ಸಂಕ್ಷೇಪ ಗೊತ್ತಾಗದಿದ್ದರೆ, ಹೆಸರನ್ನು ಹಾಗೆಯೇ ಉಳಿಸಿಕೊಂಡು ವ್ಯತ್ಯಾಸ ಸೊನ್ನೆ ಎಂದು ಹಿಡಿಯುತ್ತದೆ; ಅದರ ಉತ್ತರ 10:00.

ಸಂಕ್ಷೇಪ ಬೇಡ, ‘+05:30’ ಎಂದೇ ಬರೆಯೋಣ ಎಂದರೆ ಅಲ್ಲೊಂದು ತೊಡಕಿದೆ. ವೆಬ್ ವಿಳಾಸದ ಪ್ರಶ್ನಾಭಾಗದಲ್ಲಿ ಕೂಡು ಚಿಹ್ನೆಗೆ ‘ಖಾಲಿ ಜಾಗ’ ಎಂಬ ಅರ್ಥವಿದೆ. ಸರಿಯಾಗಿ ಎನ್‌ಕೋಡ್ ಮಾಡದೆ ಕಳಿಸಿದರೆ ಆ ಚಿಹ್ನೆ ಮಾಯವಾಗಿ ಸರ್ವರ್‌ಗೆ ‘ 05:30’ ತಲುಪುತ್ತದೆ. ಅಮೆರಿಕದ ರಾಜ್ಯಗಳ ವಲಯಗಳಿಗೆಲ್ಲ ಕಳೆಯುವ ಚಿಹ್ನೆ ಇರುವುದರಿಂದ ಅಲ್ಲಿನವರಿಗೆ ಈ ದೋಷ ಎದುರಾಗುವುದೇ ಇಲ್ಲ. ಗ್ರೀನಿಚ್‌ನ ಪೂರ್ವಕ್ಕಿರುವ ನಮಗೆ ಇದು ನಿತ್ಯದ ಪಾಡು.

ಹಳೆಯ ದಿನಾಂಕಗಳಿಗಾದರೆ ಐದೂವರೆ ಗಂಟೆ ಎಂಬ ಲೆಕ್ಕವೂ ಸಾಲದು. ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಮುಂಚೆ ರೈಲುಗಳು ಮದರಾಸಿನ ಸಮಯಕ್ಕೆ ಓಡುತ್ತಿದ್ದವು; ಅದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕಿಡಲಾಗಿತ್ತು. ಆ ವರ್ಷಗಳಲ್ಲಿ ಹುಟ್ಟಿದವರ ಜಾತಕ ಬರೆಯುವ ಜೋಯಿಸರು ಆ ಒಂದು ಗಂಟೆಯನ್ನು ಕಳೆದೇ ಗಣಿತಕ್ಕೆ ಕೂರುತ್ತಾರೆ. ‘+05:30’ ಎಂದು ಕೋಡ್‌ನಲ್ಲಿ ಗಟ್ಟಿಯಾಗಿ ಬರೆದ ತಂತ್ರಾಂಶಕ್ಕೆ ಆ ತಿಳಿವಳಿಕೆ ಇರುವುದಿಲ್ಲ. ಲೋಕದ ಇಂಥ ಬದಲಾವಣೆಗಳನ್ನೆಲ್ಲ ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಆರಂಭಿಸಿದ ಕಾಲವಲಯ ಕೋಶವೊಂದು ಸಂಗ್ರಹಿಸಿಡುತ್ತದೆ. ಅದರಲ್ಲಿ ನಮ್ಮ ವಲಯದ ಹೆಸರು ‘ಏಷ್ಯಾ/ಕೋಲ್ಕತಾ’. ಆ ಹೆಸರಿನಿಂದ ಕೇಳಿದರೆ ಯುದ್ಧಕಾಲದ ಆ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಭಾಷೆಯ ದತ್ತಾಂಶ ಬದಲಾದಾಗ

ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ದಿನ-ತಿಂಗಳ ಗೊಂದಲ ತಪ್ಪುತ್ತದೆ ನಿಜ. ಆದರೆ ಆ ಹೆಸರುಗಳು ಯುನಿಕೋಡ್ ಸಂಸ್ಥೆಯ ಭಾಷಾ ದತ್ತಾಂಶದಿಂದ ಬರುತ್ತವೆ, ಅದು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. 2021ರಲ್ಲಿ ಬಂದ ಜಾವಾ 16ರಲ್ಲಿ ಬ್ರಿಟಿಷ್ ಇಂಗ್ಲಿಷಿನ ಸೆಪ್ಟೆಂಬರ್‌ನ ಮೂರಕ್ಷರದ ಸಂಕ್ಷೇಪ ನಾಲ್ಕಕ್ಷರಕ್ಕೆ ಬೆಳೆಯಿತು. ಮೂರಕ್ಷರವನ್ನೇ ನೆಚ್ಚಿಕೊಂಡಿದ್ದ ಕೋಡ್ ಹನ್ನೊಂದು ತಿಂಗಳು ಸರಿಯಾಗಿ ನಡೆದು ಸೆಪ್ಟೆಂಬರ್‌ನಲ್ಲಿ ಮುಗ್ಗರಿಸುವಂತಾಯಿತು. 2022ರ ಅಕ್ಟೋಬರ್‌ನ ಪರಿಷ್ಕರಣೆಯಲ್ಲಿ ಇಂಗ್ಲಿಷ್ ಸಮಯದ ‘ಎಎಂ’, ‘ಪಿಎಂ’ಗಳ ಹಿಂದಿನ ಸಾಮಾನ್ಯ ಖಾಲಿ ಜಾಗದ ಬದಲು ಕಿರಿದಾದ ಇನ್ನೊಂದು ಖಾಲಿ ಜಾಗ ಬಂತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ ಅಕ್ಷರ. ತಾನೇ ಬರೆದ ಸಮಯವನ್ನು ತಾನೇ ಓದಲಾಗದ ಸ್ಥಿತಿ ಬಂದಾಗ ಕ್ರೋಮ್ ಬ್ರೌಸರ್ ಆ ಬದಲಾವಣೆಯನ್ನು ಹಿಂದಕ್ಕೆ ಪಡೆಯಿತು. ಜಾವಾ 20ರಲ್ಲಿ ಅದು ಉಳಿಯಿತು.

ಕನ್ನಡದ ಅಂಕಿಗಳ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ‘೨೦೨೫’ ಎಂಬುದನ್ನು ಪೈಥಾನ್ ಸಂಖ್ಯೆಯೆಂದು ಓದಿ 2025 ಕೊಡುತ್ತದೆ. ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಕನ್ನಡದಲ್ಲಿ ಅರ್ಜಿ ತುಂಬಿಸಿಕೊಳ್ಳುವ ತಾಣ ಕಟ್ಟುವವರು ಈ ವ್ಯತ್ಯಾಸವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಕನ್ನಡ ಅಂಕಿಯಲ್ಲಿ ಬರೆದವರು ತಪ್ಪು ಮಾಡಿಲ್ಲ.

ಸಮಯ ಸಂಖ್ಯೆಯಾದಾಗ, ಹೆಸರು ಸಮಯವಾದಾಗ

ಕೆಲವು ಓದುಗಗಳು ಸಮಯವನ್ನು ಸಮಯವೆಂದೇ ಗುರುತಿಸುವುದಿಲ್ಲ. ಲಿನಕ್ಸ್‌ನಲ್ಲಿ ಆಜ್ಞೆಗಳನ್ನು ನಡೆಸುವ ಬ್ಯಾಷ್‌ನಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಅಷ್ಟಮಾನ ಪದ್ಧತಿಯದು, ಅದರಲ್ಲಿ 8 ಮತ್ತು 9 ಎಂಬ ಅಂಕಿಗಳಿಲ್ಲ. ಗಂಟೆಯನ್ನೋ ತಿಂಗಳನ್ನೋ ನೇರವಾಗಿ ಲೆಕ್ಕಕ್ಕೆ ಕೊಟ್ಟರೆ ‘07’ ನಡೆಯುತ್ತದೆ, ‘10’ ನಡೆಯುತ್ತದೆ, ‘08’ ಮತ್ತು ‘09’ ನಡೆಯುವುದಿಲ್ಲ. ಹೊಂದಾಣಿಕೆಯ ಕಡತಗಳಿಗೆ ಬಳಸುವ ಯಾಮಲ್‌ನ 1.1ನೇ ಆವೃತ್ತಿಯಲ್ಲಿ ಅರವತ್ತರ ಮಾನದ ಸಂಖ್ಯೆಗಳಿಗೆ ಅವಕಾಶವಿತ್ತು. ಅಂಗಡಿ ಮುಚ್ಚುವ ಸಮಯ 18:30 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಅದು 1110 ಎಂಬ ಸಂಖ್ಯೆಯಾಗುತ್ತದೆ. ತೆರೆಯುವ ಸಮಯ 09:30 ಮಾತ್ರ ಸೊನ್ನೆಯಿಂದ ಆರಂಭವಾಗುವ ಕಾರಣ ಪಠ್ಯವಾಗಿಯೇ ಉಳಿಯುತ್ತದೆ. ಒಂದೇ ಕಡತ, ಅಕ್ಕಪಕ್ಕದ ಸಾಲು, ಎರಡು ಜಾತಿಯ ಬೆಲೆ. 2009ರ ಆವೃತ್ತಿ 1.2 ಈ ಪದ್ಧತಿಯನ್ನು ಕೈಬಿಟ್ಟಿತು, ಹಳೆಯ ನಿಯಮ ಪಾಲಿಸುವ ತಂತ್ರಾಂಶಗಳು ಇಂದಿಗೂ ಚಾಲ್ತಿಯಲ್ಲಿವೆ.

ಇದರ ತದ್ವಿರುದ್ಧದ ಪ್ರಕರಣ ಜೀವವಿಜ್ಞಾನದ್ದು. ‘ಸೆಪ್ಟ್2’, ‘ಮಾರ್ಚ್1’ ಎಂಬ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂದು ಬದಲಾಯಿಸಿ ಇಡುತ್ತಿತ್ತು. 2016ರಲ್ಲಿ ‘ಜೀನೋಮ್ ಬಯಾಲಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಎಕ್ಸೆಲ್ ಜೀನ್ ಪಟ್ಟಿಗಳನ್ನು ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಇಂಥ ತಪ್ಪುಗಳನ್ನು ಕಂಡಿತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಜೀನ್‌ಗಳ ಹೆಸರನ್ನೇ ಬದಲಾಯಿಸಿತು. ಸ್ವಯಂಚಾಲಿತ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ದಾರಿ ಏನು?

ಮೊದಲ ಹೆಜ್ಜೆ, ಕೈಯಲ್ಲಿರುವುದು ಯಾವ ಬಗೆಯ ಸಮಯ ಎಂದು ಕೇಳಿಕೊಳ್ಳುವುದು. ಹಣ ವರ್ಗಾವಣೆಯಾದದ್ದು ಒಂದು ಕ್ಷಣ. ಅದನ್ನು ಯುಟಿಸಿಯಲ್ಲಿ ಇಡಬೇಕು. ಹುಟ್ಟಿದ ದಿನ ಕ್ಯಾಲೆಂಡರಿನ ಒಂದು ದಿನ. ಅದಕ್ಕೆ ಗಂಟೆಯೂ ಇಲ್ಲ, ವಲಯವೂ ಇಲ್ಲ, ಅದನ್ನು ಎಲ್ಲಿಗೂ ಪರಿವರ್ತಿಸಬಾರದು. ಮುಂದಿನ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬೆಳಿಗ್ಗೆ ಒಂಬತ್ತಕ್ಕೆ ನಡೆಯಲಿರುವ ಸಭೆ ಮೂರನೆಯ ಬಗೆ. ಅಲ್ಲಿ ಗಡಿಯಾರಗಳು ವರ್ಷಕ್ಕೆರಡು ಸಲ ಸರಿಯುವುದರಿಂದ ಸ್ಥಳೀಯ ಸಮಯ ಮತ್ತು ವಲಯದ ಪೂರ್ಣ ಹೆಸರು ಎರಡನ್ನೂ ಇಟ್ಟುಕೊಳ್ಳಬೇಕು. 2014ರಲ್ಲಿ ಜಾವಾ 8ರೊಂದಿಗೆ ಬಂದ ಹೊಸ ಲೈಬ್ರರಿ ಈ ಮೂರಕ್ಕೂ ಬೇರೆ ಬೇರೆ ಮಾದರಿ ಕೊಟ್ಟಿತು. ಜಾವಾಸ್ಕ್ರಿಪ್ಟ್‌ಗೆ ‘ಟೆಂಪೊರಲ್’ ಎಂಬ ಹೆಸರಿನಲ್ಲಿ ಅದೇ ವಿವೇಕ ಬರುತ್ತಿದೆ. ಫೈರ್‌ಫಾಕ್ಸ್ ಅದನ್ನು 2025ರಲ್ಲಿ ಅಳವಡಿಸಿಕೊಂಡಿತು.

ಎರಡನೆಯದು, ಯಂತ್ರದಿಂದ ಯಂತ್ರಕ್ಕೆ ಹೋಗುವ ಪಠ್ಯಕ್ಕೆ ಒಂದೇ ರೂಪ. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಮಾನಕ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಗೊತ್ತುಪಡಿಸಿತು. ಅಂತರ್ಜಾಲಕ್ಕೆ ಒಪ್ಪುವಂತೆ ಅದನ್ನು ಬಿಗಿಗೊಳಿಸಿದ ಆರ್‌ಎಫ್‌ಸಿ 3339 ಎಂಬ ಮಾನಕ ಬಂದದ್ದು 2002ರಲ್ಲಿ. ವಲಯದ ಹೆಸರನ್ನೂ ಜೊತೆಗೆ ಬರೆಯುವ ಕ್ರಮವನ್ನು 2024ರ ಆರ್‌ಎಫ್‌ಸಿ 9557 ಸೇರಿಸಿತು. ಇವಿರುವಾಗ ಹೊಸ ರೂಪ ಕಟ್ಟುವ ಅಗತ್ಯವಿಲ್ಲ.

ಮೂರನೆಯದು, ಮನುಷ್ಯರಿಂದ ಬರುವ ಪಠ್ಯವನ್ನು ಓದುವಾಗ ನಿರೀಕ್ಷಿಸುವ ರೂಪವನ್ನು ಕೋಡ್‌ನಲ್ಲಿ ಸ್ಪಷ್ಟವಾಗಿ ಬರೆದು, ಅದಕ್ಕೆ ಹೊಂದದ್ದನ್ನು ನಿರಾಕರಿಸುವುದು. ಅರ್ಜಿಯಲ್ಲಿ ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಜಾಗ ಕೊಟ್ಟು, ತಿಂಗಳನ್ನು ಹೆಸರಿನಿಂದ ಆರಿಸಲು ಬಿಟ್ಟರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಬಂದ ಮೂಲಪಠ್ಯವನ್ನೂ ಒಂದು ಕಾಲಂನಲ್ಲಿ ಉಳಿಸಿಕೊಂಡರೆ, ನಾಳೆ ತಪ್ಪು ಗೊತ್ತಾದಾಗ ಮತ್ತೆ ಸರಿಯಾಗಿ ಓದಬಹುದು. ಮೂಲ ಹೋದರೆ ತಿದ್ದುವ ದಾರಿಯೂ ಹೋಯಿತು.

ನಾಲ್ಕನೆಯದು ಪರೀಕ್ಷೆ. ಕಂಪ್ಯೂಟರಿನ ವಲಯವನ್ನು ಒಮ್ಮೆ ನ್ಯೂಯಾರ್ಕ್‌ಗೆ, ಒಮ್ಮೆ ಆಕ್ಲೆಂಡ್‌ಗೆ ಬದಲಾಯಿಸಿ ಅದೇ ಪರೀಕ್ಷೆಗಳನ್ನು ಓಡಿಸಬೇಕು. ಫೆಬ್ರವರಿ 29, ಡಿಸೆಂಬರ್ 30, ತಿಂಗಳ 12 ಮತ್ತು 13, ಬೆಳಗಿನ 08 ಮತ್ತು 09, ರಾತ್ರಿಯ 12:30, ಹುಟ್ಟಿದ ವರ್ಷ 1968. ಇವಿಷ್ಟು ಬೆಲೆಗಳನ್ನು ಕೊಟ್ಟು ನೋಡಿದರೂ ಮೇಲೆ ಹೇಳಿದ ಬಹುಪಾಲು ದೋಷಗಳು ಬಳಕೆದಾರರನ್ನು ತಲುಪುವ ಮೊದಲೇ ಸಿಕ್ಕಿಬೀಳುತ್ತವೆ.

ಇಷ್ಟು ಕಟ್ಟುನಿಟ್ಟು ಏಕೆ ಎಂದರೆ, ದಿನಾಂಕದ ಮೇಲೆ ಜನರ ಹಕ್ಕುಗಳು ನಿಂತಿವೆ. ಶಾಲೆ ಸೇರುವ ವಯಸ್ಸು, ಸ್ಪರ್ಧಾತ್ಮಕ ಪರೀಕ್ಷೆಯ ವಯೋಮಿತಿ, ನಿವೃತ್ತಿ, ಪಿಂಚಣಿ, ವಿಮೆ ಎಲ್ಲವೂ ಒಂದು ದಿನದ ವ್ಯತ್ಯಾಸದಲ್ಲಿ ಸಿಗಬಹುದು, ತಪ್ಪಬಹುದು. ಎರಡು ದಾಖಲೆಗಳಲ್ಲಿ ಎರಡು ಹುಟ್ಟುದಿನಗಳಿದ್ದರೆ ವಿವರಣೆ ಕೊಡಬೇಕಾದದ್ದು ಕೋಡ್ ಬರೆದವರಲ್ಲ. ಪ್ರಮಾಣಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಅರ್ಜಿದಾರರು. ಅರ್ಥವಾಗದ ದಿನಾಂಕವನ್ನು ನಿರಾಕರಿಸುವ ಒಂದು ಸಾಲು ಕೋಡ್ ಬರೆಯಲು ಕೆಲವು ನಿಮಿಷ ಸಾಕು. ಆ ಸಾಲು ಅರ್ಜಿ ತುಂಬುತ್ತಿರುವವರನ್ನು ಅಲ್ಲೇ ತಡೆದು ಇನ್ನೊಮ್ಮೆ ಕೇಳುತ್ತದೆ, ಅವರು ಅಲ್ಲೇ ಸರಿಪಡಿಸುತ್ತಾರೆ. ಉತ್ತರ ಗೊತ್ತಿರುವವರು ಎದುರಿಗೇ ಇರುವಾಗ ಪ್ರೋಗ್ರಾಂ ಊಹಿಸುವುದು ಉಪಕಾರವಲ್ಲ. ಕೇಳುವುದೇ ಅದರ ಕರ್ತವ್ಯ.